ಮಗ್ಗ ನಿಂತ ಹೊತ್ತಿನಲ್ಲಿ ಮೆಟ್ನರ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ನಮ್ಮ ನೆಂಟರು, ಗೆಳೆಯರು, ಸಂತೆ, ಜಾತ್ರೆ ಎಲ್ಲವೂ ಈ ನಾಲ್ಕು ಊರುಗಳ ನಡುವೆಯೇ ಮುಗಿಯುತ್ತವೆ. ಇಲ್ಲಿ ಎಲ್ಲಿಯೂ ನಾನು ಪಿಯಾನೋ ಕಂಡಿಲ್ಲ. ಪೇಟಿ ಕಂಡಿದ್ದೇನೆ. ಭಜನೆಯ ಮೇಳದಲ್ಲಿ, ಪಾರಿಜಾತದ ಆಟದಲ್ಲಿ, ಮಠದ ಕಟ್ಟೆಯ ಮೇಲೆ, ಸತ್ತವರ ಮನೆಯ ಮುಂದೆ ರಾತ್ರಿಯಿಡೀ ನಡೆಯುವ ಹಾಡಿನಲ್ಲಿ ಪೇಟಿ ಇದ್ದೇ ಇರುತ್ತದೆ. ಅಂಥ ಊರಿನವನು ಮೂರು ವರ್ಷಗಳಿಂದ ಬಿಡದೆ ಕೇಳುತ್ತಿರುವುದು ರಷ್ಯಾದ ಸಂಯೋಜಕನೊಬ್ಬನ ಪಿಯಾನೋ ಸೊನಾಟಾಗಳನ್ನು ಎಂದರೆ ಗೆಳೆಯರು ನಗುತ್ತಾರೆ. ಬೀಥೋವನ್, ಮೊಟ್ಸಾರ್ಟ್ ಎಂದರೆ ಹೆಸರನ್ನಾದರೂ ಕೇಳಿರುತ್ತಾರೆ. ನಾನು ಕೇಳುವುದು ನಿಕೊಲಾಯ್ ಮೆಟ್ನರ್. ಪಶ್ಚಿಮದ ಸಂಗೀತ ಕೇಳುವವರಲ್ಲೂ ಅನೇಕರಿಗೆ ಪರಿಚಯವಿಲ್ಲದ ಹೆಸರು ಅದು.

ಮೆಟ್ನರ್ ನನಗೆ ಸಿಕ್ಕಿದ್ದು ಸಂಗೀತದ ದಾರಿಯಿಂದಲ್ಲ. ನನ್ನ ಪಿಎಚ್.ಡಿ. ವಿಷಯ ಹತ್ತನೆಯ ಶತಮಾನದ ಕನ್ನಡ ಕವಿಗಳಿಗೆ ದೊರೆತ ಆಶ್ರಯ. ಅರಸರು, ದಂಡನಾಯಕರು, ಸಿರಿವಂತ ಮನೆತನದ ಹೆಣ್ಣುಮಕ್ಕಳು ಯಾಕೆ ಕಾವ್ಯ ಬರೆಸಿದರು, ಕೊಟ್ಟವರಿಗೂ ಪಡೆದವರಿಗೂ ನಡುವಿನ ಸಂಬಂಧ ಎಂಥದು ಎಂದು ಓದುತ್ತ ಓದುತ್ತ ಆ ಎಳೆಯನ್ನು ಹಿಡಿದು ಇಪ್ಪತ್ತನೆಯ ಶತಮಾನದ ಮೈಸೂರಿಗೆ ಬಂದೆ. ಅಲ್ಲಿ ಜಯಚಾಮರಾಜೇಂದ್ರ ಒಡೆಯರ ಬಗೆಗಿನ ಬರಹವೊಂದರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಮೈಸೂರಿನ ಮಹಾರಾಜರು ಲಂಡನ್ನಿನಲ್ಲಿದ್ದ ಒಬ್ಬ ಬಡ ರಷ್ಯನ್ ಸಂಯೋಜಕನ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದರು ಎಂಬ ಸಾಲು. ಅದನ್ನು ಓದಿ ಪುಟ ತಿರುಗಿಸಲು ಆಗಲಿಲ್ಲ. ಕಾವ್ಯ ಬರೆಸಿದವರು ಗೊತ್ತು, ದೇಗುಲ ಕಟ್ಟಿಸಿದವರು ಗೊತ್ತು. ಸಾವಿರಾರು ಮೈಲಿ ದೂರದವನ ಸಂಗೀತವನ್ನು ತಟ್ಟೆಗಿಳಿಸಲು ದುಡ್ಡು ಕೊಟ್ಟವರ ಕಥೆ ನನಗೆ ಹೊಸದು.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರಲ್ಲಿ. ಅಲ್ಲಿಯ ಕನ್ಸರ್ವೇಟರಿಯಲ್ಲಿ ಕಲಿತು 1900ರಲ್ಲಿ ಹೊರಬಿದ್ದಾಗ ಎಲ್ಲರೂ ಆತ ದೊಡ್ಡ ಪಿಯಾನೋ ವಾದಕನಾಗುತ್ತಾನೆ ಎಂದುಕೊಂಡಿದ್ದರು. ಆತ ಬರೆಯುವುದನ್ನು ಆರಿಸಿಕೊಂಡ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು ಜರ್ಮನಿ, ಫ್ರಾನ್ಸ್ ಎಂದು ಅಲೆದು, ಮೂವತ್ತರ ದಶಕದ ನಡುವಿನಲ್ಲಿ ಲಂಡನ್ ಸೇರಿದ. ಗೆಳೆಯ ರಾಖ್ಮಾನಿನೋವ್ ತನ್ನ ನಾಲ್ಕನೆಯ ಪಿಯಾನೋ ಕನ್ಚೆರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದ್ದ. ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮಾನಿನೋವ್‌ಗೆ ಅರ್ಪಿಸಿದ. ಆದರೆ ಕಾಲ ಮಾತ್ರ ಮೆಟ್ನರ್‌ನ ಕಡೆ ಇರಲಿಲ್ಲ. ಸಂಗೀತ ಹೊಸ ಹಾದಿಗಳನ್ನು ಹಿಡಿದಿತ್ತು. ಆತ ಹಳೆಯ ನೆಲೆಗಳನ್ನು ಬಿಡಲಿಲ್ಲ, ಬಿಡಬಾರದೆಂದು 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತುಹೋಯಿತು.

ಇಂಥವನು ಬರೆದ ಪಿಯಾನೋ ಸೊನಾಟಾಗಳು ಹದಿನಾಲ್ಕು. ಹಲವು ಒಂದೇ ಓಟದವು, ನಡುವೆ ನಿಲ್ಲುವುದಿಲ್ಲ. ‘ರಾತ್ರಿ ಗಾಳಿ’ ಎಂದು ಕರೆಯಲಾಗುವ ಸೊನಾಟಾ ಅರ್ಧ ಗಂಟೆಯನ್ನೂ ದಾಟುತ್ತದೆ. ನಾನು ಮೊದಲು ಹಿಡಿದದ್ದು ಚಿಕ್ಕದನ್ನು, ಸುಮಾರು ಹದಿನಾಲ್ಕು ನಿಮಿಷದ ‘ಸೊನಾಟಾ ರೆಮಿನಿಶೆಂಜಾ’. ನೆನಪಿನ ಸೊನಾಟಾ ಎನ್ನಬಹುದು. ರಷ್ಯಾ ಬಿಡುವ ಮುನ್ನಿನ ಎರಡು ವರ್ಷಗಳಲ್ಲಿ, 1919-20ರಲ್ಲಿ, ‘ಮರೆತ ರಾಗಗಳು’ ಎಂಬ ಗುಚ್ಛದ ಮೊದಲ ಕೃತಿಯಾಗಿ ಅದು ಬಂತು. ಎಮಿಲ್ ಗಿಲೆಲ್ಸ್ ನುಡಿಸಿದ ಮುದ್ರಣ ಮೊಬೈಲಿನಲ್ಲಿ ಸಿಕ್ಕಿತು.

ಮೊದಲ ಹತ್ತು ಸಲ ನನಗೆ ಏನೂ ಸಿಗಲಿಲ್ಲ. ಚೆನ್ನಾಗಿದೆ ಅನ್ನಿಸುತ್ತಿತ್ತು, ಮುಗಿದ ಮೇಲೆ ಏನು ಚೆನ್ನಾಗಿತ್ತು ಎಂದು ಹೇಳಲು ಬರುತ್ತಿರಲಿಲ್ಲ. ನನ್ನ ಕಿವಿ ಪೇಟಿಯದು. ಪೇಟಿಯಲ್ಲಿ ಗಾಳಿ ಹಾಕುತ್ತಿರುವಷ್ಟು ಹೊತ್ತು ಸ್ವರ ನಿಂತಿರುತ್ತದೆ. ಪಿಯಾನೋದಲ್ಲಿ ಕೀ ಒತ್ತಿದಾಗ ಒಳಗಿನ ಚಿಕ್ಕ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದಲೇ ಸ್ವರ ಸೊರಗಲು ಶುರು. ವಾದಕ ಅದನ್ನು ಹಿಗ್ಗಿಸಲಾರ, ಮುಂದಿನ ಸ್ವರ ತಂದು ಅದಕ್ಕೆ ಆತುಕೊಡಬಲ್ಲ ಅಷ್ಟೆ. ಹಾಗಾಗಿ ಪಿಯಾನೋದ ಹಾಡು ಅರ್ಧ ತಂತಿಯಲ್ಲಿ, ಅರ್ಧ ಕೇಳುವವನ ನೆನಪಿನಲ್ಲಿ ಇರುತ್ತದೆ. ಇದು ಹೊಳೆದ ಮೇಲೆ ಕೇಳುವ ರೀತಿ ಬದಲಾಯಿತು.

ಎರಡನೆಯ ತೊಡಕು ಕಟ್ಟೋಣದ್ದು. ಖಯಾಲಿನಲ್ಲಿ ಬಂದಿಶಿನ ಮುಖಡಾ ಮತ್ತೆ ಮತ್ತೆ ಬಂದು ಸಮ್ ಹಿಡಿಯುತ್ತದೆ. ಗಾಯಕ ಎಷ್ಟೇ ದೂರ ಹೋದರೂ ಮನೆ ಕಣ್ಣಳತೆಯಲ್ಲೇ ಇರುತ್ತದೆ. ಪಾರಿಜಾತದಲ್ಲಿ ಮೇಳದವರು ಪಲ್ಲವಿಯನ್ನು ಎತ್ತಿ ಹಾಡಿ ನಮಗೆ ಮರೆಯಲು ಬಿಡುವುದಿಲ್ಲ. ಸೊನಾಟಾ ಬೇರೆ ಥರ. ಸಾಮಾನ್ಯವಾಗಿ ಮೊದಲು ಎರಡು ಮುಖ್ಯ ಎಳೆಗಳನ್ನು ಮುಂದಿಡುತ್ತದೆ, ಎರಡನ್ನೂ ಬೇರೆ ಬೇರೆ ಶ್ರುತಿಯ ನೆಲೆಯಲ್ಲಿ. ಆಮೇಲೆ ಅವನ್ನು ಮುರಿದು, ಹೆಣೆದು, ಗುರುತು ಸಿಗದಷ್ಟು ದೂರ ಕರೆದೊಯ್ಯುತ್ತದೆ. ಕೊನೆಗೆ ಎರಡನ್ನೂ ಒಂದೇ ನೆಲೆಗೆ ತಂದು ಕೂರಿಸುತ್ತದೆ. ಮನೆಗೆ ಮರಳುವುದು ಬಹಳ ತಡವಾಗಿ. ಅಲ್ಲಿಯವರೆಗೆ ಮೊದಲ ಎಳೆಯನ್ನು ನೆನಪಿಟ್ಟುಕೊಂಡವನಿಗೆ ಮಾತ್ರ ಅದು ಮರಳಿತು ಎಂದು ತಿಳಿಯುತ್ತದೆ. ಉಳಿದವರಿಗೆ ಅದು ಇನ್ನೊಂದು ರಾಗ.

ರೆಮಿನಿಶೆಂಜಾ ಶುರುವಾಗುವುದು ಹರಿಯುವ, ಮೆಲ್ಲನೆಯ ಒಂದು ಎಳೆಯಿಂದ. ಆ ಎಳೆ ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಮರಳುತ್ತದೆ. ಅದು ಹೆಚ್ಚು ಬದಲಾಗಿರುವುದಿಲ್ಲ. ಅದರ ಸುತ್ತ ಅಷ್ಟರೊಳಗೆ ಏನೆಲ್ಲ ಆಗಿಹೋಗಿರುವುದರಿಂದ ಅದೇ ಸ್ವರಗಳು ಬೇರೆ ಅರ್ಥ ಕೊಡುತ್ತವೆ. ಮೆಟ್ನರ್ ತೀರಿಕೊಂಡು 60 ವರ್ಷ ದಾಟಿರುವುದರಿಂದ ನಮ್ಮ ಕಾಯ್ದೆಯಂತೆ ಅವನ ಕೃತಿಗಳ ಹಕ್ಕು ಮುಗಿದಿದೆ, ಸ್ವರಲಿಪಿ ಹುಡುಕಿದರೆ ಸಿಗುತ್ತದೆ. ಐದು ಗೆರೆಯ ಆ ಲಿಪಿಯನ್ನು ಅಕ್ಷರ ಕಲಿಯುವ ಮಗುವಿನ ಹಾಗೆ ಬೆರಳಿಟ್ಟು ಕಲಿತೆ. ಎಡಗೈ ಬಲಗೈ ಎರಡೂ ಬೇರೆ ಬೇರೆ ಹೇಳುತ್ತಿರುವುದನ್ನು ಒಟ್ಟಿಗೆ ಕೇಳಲು ಮೊದಮೊದಲು ಆಗುತ್ತಿರಲಿಲ್ಲ. ನೇಕಾರರ ಮನೆಯವನಾದ ನನಗೆ ಹಾಸು-ಹೊಕ್ಕು ಎಂದುಕೊಂಡಾಗ ಸುಲಭವಾಯಿತು. ಒಂದು ಸಲ ಎಡಗೈಯನ್ನಷ್ಟೇ ಹಾಸು ಎಂದು ಹಿಡಿದು ಕೇಳುವುದು, ಇನ್ನೊಂದು ಸಲ ಹೊಕ್ಕಿನ ಹಿಂದೆ ಹೋಗುವುದು, ಮೂರನೆಯ ಸಲ ಬಟ್ಟೆ ನೋಡುವುದು.

ಬೀಳಗಿ ತಾಲ್ಲೂಕಿನ ನಮ್ಮ ಅತ್ತೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಮನೆ ಪುನರ್ವಸತಿ ಕೇಂದ್ರಕ್ಕೆ ಬಂತು. ಅತ್ತೆ ಇಂದಿಗೂ ಹಳೆಯ ಊರಿನ ಓಣಿಯನ್ನು ಒಂದು ತುದಿಯಿಂದ ಹೇಳುತ್ತಾಳೆ. ಇದು ಇಂಥವರ ಮನೆ, ಇದರ ಪಕ್ಕ ಬೇವಿನ ಗಿಡ, ಆಮೇಲೆ ಗುಡಿ. ಎಷ್ಟು ಸಲ ಹೇಳಿದರೂ ಅದೇ ಕ್ರಮ. ಒಮ್ಮೆ ಆಕೆಯ ಮನೆಯಲ್ಲಿ ರಾತ್ರಿ ರೆಮಿನಿಶೆಂಜಾ ಕೇಳುವಾಗ, ಆ ಮೊದಲ ಎಳೆ ಯಾಕೆ ಬದಲಾಗದೆ ಮರಳುತ್ತದೆ ಎಂಬುದು ಪುಸ್ತಕದ ಸಹಾಯವಿಲ್ಲದೆ ನನಗೆ ಅರ್ಥವಾಯಿತು.

ಇನ್ನು ಮಹಾರಾಜರ ವಿಷಯ. ಜಯಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1919ರಲ್ಲಿ. ಚಿಕ್ಕಂದಿನಿಂದ ಪಿಯಾನೋ ಕಲಿತು, ವೇದಿಕೆಯ ವಾದಕರಾಗಬೇಕೆಂಬ ಆಸೆ ಇಟ್ಟುಕೊಂಡಿದ್ದವರು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಇಪ್ಪತ್ತೊಂದರ ಹುಡುಗ ಸಿಂಹಾಸನ ಏರಬೇಕಾಯಿತು, ವಾದಕನಾಗುವ ಆಸೆ ಅಲ್ಲಿಗೆ ನಿಂತಿತು. ಆದರೆ ಕೇಳುವುದು ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಮಾಡಿಕೊಂಡಿತು. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯ ರೆಕಾರ್ಡುಗಳ ಸಂಗ್ರಹವನ್ನೂ ದೊಡ್ಡ ದೊಡ್ಡ ಪಿಯಾನೋಗಳನ್ನೂ ನೋಡಿ ಬೆರಗಾಗಿದ್ದ.

ನಲವತ್ತರ ದಶಕದ ಕೊನೆಯಲ್ಲಿ ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮೆಟ್ನರ್‌ನ ಎಲ್ಲ ಕೃತಿಗಳನ್ನೂ ಮುದ್ರಿಸುವುದು ಅದರ ಗುರಿ. ಆ ಹೊತ್ತಿಗೆ ಆತ ಎಪ್ಪತ್ತರ ಹತ್ತಿರದ, ಹೃದಯದ ಕಾಯಿಲೆಯ ಮುದುಕ. ಆದರೂ ಕೂತು ನುಡಿಸಿದ. ಮೂರೂ ಕನ್ಚೆರ್ಟೋಗಳು, ಕೆಲವು ಸೊನಾಟಾಗಳು, ಸಣ್ಣ ಕೃತಿಗಳು, ಎಲಿಜಬೆತ್ ಶ್ವಾರ್ಟ್ಸ್‌ಕಾಪ್ ಹಾಡಿದ ಹಾಡುಗಳು ತಟ್ಟೆಗಿಳಿದವು. ಎಲ್ಲವೂ ಮುಗಿಯುವ ಮೊದಲೇ, 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಯುದ್ಧದ ವರ್ಷಗಳಲ್ಲಿ ಬರೆದ ಮೂರನೆಯ ಕನ್ಚೆರ್ಟೋ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಇದೇ ಮಹಾರಾಜರ ನೆರವಿನಿಂದ 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನವೂ ನಡೆಯಿತು.

ಅರಸ ದುಡ್ಡು ಕೊಟ್ಟ, ಅದರಲ್ಲೇನು ದೊಡ್ಡದು ಎಂದು ಕೇಳಬಹುದು. ಆ ದುಡ್ಡು ಎಲ್ಲಿಂದ ಬಂತು ಎಂದೂ ಕೇಳಬೇಕು. ಸಂಸ್ಥಾನದ ರೈತನಿಗೆ ಮೆಟ್ನರ್ ಬೇಕಿರಲಿಲ್ಲ. ಈ ಪ್ರಶ್ನೆಯನ್ನು ನಾನು ನನ್ನ ಸಂಶೋಧನೆಯಲ್ಲೂ ಕೇಳಿಕೊಳ್ಳುತ್ತೇನೆ, ಉತ್ತರ ಸುಲಭವಿಲ್ಲ. ಆದರೆ ಆಶ್ರಯದಲ್ಲಿ ಎರಡು ಬಗೆ ಇದೆ ಎಂದು ಮಾತ್ರ ಹೇಳಬಲ್ಲೆ. ಒಂದು, ಕವಿಯನ್ನು ಆಸ್ಥಾನಕ್ಕೆ ಕರೆಸಿ ತನ್ನನ್ನು ಹೊಗಳಿಸಿಕೊಳ್ಳುವುದು. ಇನ್ನೊಂದು, ಕೃತಿ ತನ್ನ ಕೈಯಿಂದಾಚೆಗೆ ಹೋಗುವಂತೆ ಪ್ರತಿ ಮಾಡಿಸಿ ಹಂಚುವುದು.

ಎರಡನೆಯದಕ್ಕೆ ದೊಡ್ಡ ಉದಾಹರಣೆ ನಮ್ಮ ಮುಧೋಳದ ಹುಡುಗನ ಬದುಕಿನಲ್ಲೇ ಇದೆ. ಮುಧೋಳದಿಂದ ಬಸ್ಸು ಹತ್ತಿದರೆ ರನ್ನ ಬೆಳಗಲಿ ದೂರವಿಲ್ಲ. ಬಳೆಗಾರರ ಮನೆಯ ರನ್ನ ಇಲ್ಲಿಂದ ಹೊರಟು, ಶ್ರವಣಬೆಳಗೊಳದವರೆಗೆ ಹೋಗಿ ಕಲಿತು, ಚಾವುಂಡರಾಯನ ನೆರವು ಪಡೆದು, ಚಾಲುಕ್ಯರ ಆಸ್ಥಾನ ಮುಟ್ಟಿದವನು. 993ರಲ್ಲಿ ಅವನ ‘ಅಜಿತಪುರಾಣ’ವನ್ನು ಬರೆಸಿದವಳು ಅತ್ತಿಮಬ್ಬೆ. ಅದೇ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿ ಎಂದರೆ ಒಂದೊಂದು ಗರಿಯನ್ನೂ ಕೈಯಿಂದ ಕೊರೆದು ಬರೆದದ್ದು. ಪೊನ್ನ ಆಕೆಯ ಆಸ್ಥಾನಕವಿಯಲ್ಲ, ಹಿಂದಿನ ತಲೆಮಾರಿನವನು. ಆಕೆಯ ಮುಂದಿದ್ದದ್ದು ಕೃತಿ ಉಳಿಯಬೇಕು ಎಂಬುದೊಂದೇ.

ಮೆಟ್ನರ್‌ನ ತಟ್ಟೆಗಳನ್ನು ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಮಹಾರಾಜರು ಮೆಟ್ನರ್‌ನನ್ನು ಮೈಸೂರಿಗೆ ಕರೆತಂದು ದಸರೆಯಲ್ಲಿ ನುಡಿಸಲಿಲ್ಲ. ಅವನ ಕೈಯ ಸದ್ದನ್ನು ಪ್ರತಿ ಮಾಡಿಸಿದರು. ಒಂದು ಬದಿಗೆ ನಾಲ್ಕೈದು ನಿಮಿಷ ಹಿಡಿಯುವ ಆ ಕಾಲದ ತಟ್ಟೆಗಳು ಈಗ ಬನಹಟ್ಟಿಯ ಒಬ್ಬ ವಿದ್ಯಾರ್ಥಿಯ ಮೊಬೈಲಿಗೆ ಖರ್ಚಿಲ್ಲದೆ ಬರುತ್ತವೆ. ಮೆಟ್ನರ್ ತನ್ನ ಕೃತಿಯನ್ನು ಹೇಗೆ ನುಡಿಸುತ್ತಿದ್ದ ಎಂದು ಇಂದು ಯಾರಾದರೂ ತಿಳಿಯಬೇಕಾದರೆ ಹೋಗಬೇಕಾದ ದಾರಿಯಲ್ಲಿ ಮೈಸೂರು ಇದೆ.

ಜಮಖಂಡಿಯ ಗೆಳೆಯನೊಬ್ಬ, ತಬಲಾ ಕಲಿತವನು, ಒಮ್ಮೆ ನೇರವಾಗಿಯೇ ಕೇಳಿದ. “ಅಲ್ಲೋ ಮಾರಾಯಾ, ಮನ್ಸೂರ, ಭೀಮಸೇನ ಜೋಶಿ ಮನಿ ಬಾಗಲದಾಗ ಅದಾರ. ಅವರನ್ನ ಬಿಟ್ಟು ಇದ್ಯಾಕ ಬೇಕು? ಇದು ನಮ್ಮದೇನು?” ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ನಾನು ಅವರನ್ನು ಬಿಟ್ಟಿಲ್ಲ ಎಂದೆ. ಮಹಾರಾಜರ ಮಾತನ್ನೇ ಹೇಳಿದೆ. ಇಷ್ಟೆಲ್ಲ ಪಶ್ಚಿಮದ ಸಂಗೀತ ಕೇಳಿದವರು ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತ ಕಲಿತು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಗಂಭೀರನಾಟದ ‘ಶ್ರೀ ಜಾಲಂಧರ’ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಆ ಕೃತಿಗಳಲ್ಲಿ ಪಿಯಾನೋದ ನೆರಳಿಲ್ಲ. ಒಂದು ಕಿವಿ ಇನ್ನೊಂದನ್ನು ಕೆಡಿಸಲಿಲ್ಲ. ಗೆಳೆಯ ಪೂರ್ತಿ ಒಪ್ಪಲಿಲ್ಲ. “ರಾಜಾಗ ಹೊತ್ತಿತ್ತು, ಕೇಳಿದ,” ಎಂದ.

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ದೇಶ ದೂರವೆಂಬುದಕ್ಕಿಂತ ಅದೇ ದೊಡ್ಡ ಮಾತು.

ನಮ್ಮ ಓಣಿಯಲ್ಲಿ ಮನೆ ಮನೆಗೂ ವಿದ್ಯುತ್ ಮಗ್ಗ. ಬೆಳಗಾದರೆ ಖಟಖಟ ಶುರು, ಗೋಡೆಗೆ ಕೈ ಇಟ್ಟರೆ ಗೋಡೆಯೂ ಬಡಿದುಕೊಳ್ಳುತ್ತದೆ. ಮಗ್ಗದ ಶೆಡ್ಡಿನೊಳಗಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ಅದರಲ್ಲಿ ಮೆಟ್ನರ್‌ನ ಮೆಲ್ಲನೆಯ ಎಳೆ ಇರಲಿ, ಪಕ್ಕದಲ್ಲಿ ನಿಂತವನ ಕೂಗು ಕೇಳಿಸುವುದಿಲ್ಲ, ಮಾತೆಲ್ಲ ಕೈಸನ್ನೆಯಲ್ಲಿ. ಹಾಗಾಗಿ ಮನೆಯಲ್ಲಿ ನನಗೆ ಸೊನಾಟಾ ಕೇಳಲು ಹೊತ್ತು ಸಿಗುವುದು ಕರೆಂಟು ಹೋದಾಗ. ಓಣಿಯ ಎಲ್ಲ ಮಗ್ಗಗಳೂ ಒಮ್ಮೆಗೇ ನಿಲ್ಲುತ್ತವೆ. ಕಿವಿಯೊಳಗೆ ಒಂದಷ್ಟು ಹೊತ್ತು ಗುಂಯ್ ಎನ್ನುತ್ತದೆ, ಆಮೇಲೆ ಗುಬ್ಬಿಯ ಸದ್ದು, ಪಾತ್ರೆಯ ಸದ್ದು ಒಂದೊಂದಾಗಿ ಹುಟ್ಟುತ್ತವೆ. ಆಗ ಮೊಬೈಲು ತೆಗೆಯುತ್ತೇನೆ.

ಆದರೆ ಮಗ್ಗದ ಕೂಲಿ ನೇಯ್ದಷ್ಟಕ್ಕೆ. ಕರೆಂಟು ಹೋದ ಹೊತ್ತು ಎಂದರೆ ಸೀರೆ ನಿಂತ ಹೊತ್ತು, ಅಪ್ಪನ ಕೂಲಿ ಹೋದ ಹೊತ್ತು. ನಾನು ಸೊನಾಟಾ ಕೇಳುವ ಹದಿನಾಲ್ಕು ನಿಮಿಷ ಅಪ್ಪ ಬಾಗಿಲಲ್ಲಿ ಕೂತು ತಂತಿಯ ಕಡೆ ನೋಡುತ್ತಿರುತ್ತಾನೆ. ನನ್ನ ಮೌನ ಅವನ ನಷ್ಟದಿಂದ ಬಂದದ್ದು. ಅರಮನೆಯ ಮೌನಕ್ಕೂ ಯಾರೋ ಬೆಲೆ ತೆತ್ತಿರಬೇಕು. ಅಲ್ಲಿ ಅದು ಕಾಣುವುದಿಲ್ಲ, ನಮ್ಮ ಮನೆಯಲ್ಲಿ ಅದು ಎದುರಿಗೇ ಕೂತಿರುತ್ತದೆ.

ಮೂವತ್ತು ವರ್ಷಕ್ಕೂ ಮೇಲೆ ಮಗ್ಗ ನಡೆಸಿದ ಅಪ್ಪನ ಕಿವಿ ಮಂದವಾಗಿದೆ. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಹೇಗೆ ಹೋಗುತ್ತದೆ ಎಂದು ಓದಿದಾಗ ಒಂದು ಸಂಗತಿ ಕಂಡು ಎದೆ ಹಿಡಿದಂತಾಯಿತು. ಹಾನಿ ಸಾಮಾನ್ಯವಾಗಿ ಮೊದಲು ತಟ್ಟುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ಸದ್ದಿಗೆ. ಪಿಯಾನೋದ 88 ಕೀಗಳಲ್ಲಿ ಬಲತುದಿಯ ಕೊನೆಯ ಕೀ ಹೊರಡಿಸುವ ಸ್ವರ 4186 ಕಂಪನಗಳದ್ದು. ಮಗ್ಗ ಮನುಷ್ಯನ ಕಿವಿಯನ್ನು ಪಿಯಾನೋದ ಬಲತುದಿಯಿಂದ ತಿನ್ನಲು ಶುರು ಮಾಡುತ್ತದೆ ಎಂದಾಯಿತು. ಹಾಡಿನ ಮೂಲ ಸ್ವರಗಳು ಹೆಚ್ಚಾಗಿ ಇದರ ಕೆಳಗೇ ಇರುವುದರಿಂದ ರಾಗ ಬಹಳ ದಿನ ಉಳಿಯುತ್ತದೆ, ಹೊಳಪು ಹೋಗುತ್ತದೆ. ಮಾತಿನಲ್ಲಿ ಸ, ಶ, ತ ಮೊದಲಾದ ಅಕ್ಷರಗಳು ಸವೆಯುತ್ತವೆ. ಅಪ್ಪನಿಗೆ ದನಿ ಕೇಳಿಸುತ್ತದೆ, ಶಬ್ದ ತಿಳಿಯುವುದಿಲ್ಲ. ಹೇಳಿದ್ದನ್ನೇ ಎರಡೆರಡು ಸಲ ಹೇಳಬೇಕು. ಊರಿನಲ್ಲಿ ಇದನ್ನು ಯಾರೂ ರೋಗ ಎನ್ನುವುದಿಲ್ಲ, ‘ಮಗ್ಗದ ಕಿವಿ’ ಎಂದು ನಗುತ್ತಾರೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಇಯರ್‌ಫೋನು ತೆಗೆದು ಸಣ್ಣ ಸ್ಪೀಕರಿಗೆ ಹಾಕಿ, ದನಿ ಏರಿಸಿ, ಅಪ್ಪನ ಹತ್ತಿರ ಇಟ್ಟೆ. ಏನಿದು ಎಂದು ಕೇಳಿದ. ಪಿಯಾನೋ, ಪೇಟಿಯ ಥರದ್ದು ಎಂದಷ್ಟೇ ಹೇಳಿದೆ. ಮಹಾರಾಜ, ರಷ್ಯಾ, ಸೊನಾಟಾ ಯಾವುದನ್ನೂ ಹೇಳಲಿಲ್ಲ. ಅಪ್ಪ ಬೀಡಿ ಹಚ್ಚಿ ಗೋಡೆಗೆ ಒರಗಿ ಕೂತ. ನಡುವಿನ ಬಿರುಸಾದ ಭಾಗದಲ್ಲಿ ಅವನ ಗಮನ ಬೇರೆಡೆ ಇತ್ತು, ಎದ್ದು ಹೋಗುತ್ತಾನೆ ಎಂದುಕೊಂಡೆ. ಕೊನೆಗೆ ಆ ಮೊದಲ ಎಳೆ ಬಂತು. ಅಪ್ಪ ತಲೆ ಎತ್ತಿದ.

“ಮೊದಲ ಬಂದಿತ್ತಲ್ಲ, ಅದ ಹೊಳ್ಳಿ ಬಂತು ನೋಡು,” ಎಂದ.

ನಾನು ಹತ್ತು ಸಲ ಕೇಳಿದ ಮೇಲೆ ಗುರುತಿಸಿದ್ದು ಅದನ್ನು. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಅಂಚಿನ ಡಿಸೈನ್ ಹೊಳ್ಳಿ ಬಂದದ್ದು ಗೊತ್ತಾಗದಿದ್ದರ ಸೀರಿ ಹೆಂಗ ನೇಯೂದು?” ಎಂದು ಬೀಡಿ ಆರಿಸಿದ. ಅಷ್ಟರಲ್ಲಿ ಕರೆಂಟು ಬಂತು, ಅವನು ಎದ್ದು ಹೋದ.

ಅಪ್ಪನಿಗೆ ಮೆಟ್ನರ್ ಇಷ್ಟವಾದನೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಇದು ನಮ್ಮದೇನು ಎಂಬ ಗೆಳೆಯನ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುವುದಿಲ್ಲ. ಸೊನಾಟಾ ಬೇಡುವ ನೆನಪು ನಮ್ಮ ಓಣಿಯಲ್ಲಿ ಬೇಕಾದಷ್ಟಿದೆ, ಎಲ್ಲರೂ ದಿನವೂ ಕೈಯಲ್ಲಿ ಬಳಸುತ್ತಾರೆ. ಇಲ್ಲದಿರುವುದು ಅದನ್ನು ಕಿವಿಗೆ ಕೊಡುವ ಹೊತ್ತು. ಆ ಹೊತ್ತು ಬರುವವರೆಗೆ ಕಿವಿ ಉಳಿದಿರಬೇಕಲ್ಲ.

ನನ್ನ ಚಿಕ್ಕಪ್ಪನ ಮಗ ಈ ವರ್ಷ ಶೆಡ್ಡಿಗೆ ಸೇರಿದ್ದಾನೆ, ವಯಸ್ಸು ಇಪ್ಪತ್ತು. ಅವನಿಗೆ ಕಿವಿಗೆ ಹಾಕಿಕೊಳ್ಳುವ ಇಯರ್‌ಪ್ಲಗ್ ತಂದುಕೊಟ್ಟೆ. ಎರಡು ದಿನ ಹಾಕಿ, ಉಳಿದವರು ನಕ್ಕರೆಂದು ಕಿಸೆಯಲ್ಲಿಟ್ಟುಕೊಂಡ. ಮೂರನೆಯ ದಿನ ಅಪ್ಪ ಅವನನ್ನು ಕರೆದು, ಸನ್ನೆಯಲ್ಲೇ, ಹಾಕಿಕೋ ಎಂದು ತೋರಿಸಿದ. ಈಗ ಹಾಕಿಕೊಳ್ಳುತ್ತಿದ್ದಾನೆ.